ಮೌಂಟಿಂಗ್ ಮಹಾಶಯ

ಮನೆಯೊಳಗೆ ಕನ್ನಡವನ್ನೂ ಗ್ಯಾರೇಜಿನಲ್ಲಿ ತಮಿಳನ್ನೂ ಆಡುತ್ತ, ಸೆಕೆಂಡ್‌ಹ್ಯಾಂಡ್ ಬಿಎಂಡಬ್ಲ್ಯು 320ಡಿ ಕಾರೊಂದನ್ನು ಸಾಲಮಾಡಿ ಕೊಂಡು, ಕಂತು ತೀರುವ ಮೊದಲೇ ಅದನ್ನು ಬಿಗಿಗೊಳಿಸಲು ಹೊರಡುವ ತರುಣವರ್ಗವೊಂದು ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಕಂಡುಬರುತ್ತದೆ. ಇದರ ಪ್ರತಿನಿಧಿಯನ್ನು ಅನುಕೂಲಕ್ಕಾಗಿ ಮೌಂಟಿಂಗ್ ಮಹಾಶಯನೆಂದು ಕರೆಯಬಹುದು.

ಮೌಂಟಿಂಗ್ ಎಂದರೆ ಇಂಜಿನ್ನನ್ನು ಕಾರಿನ ಚೌಕಟ್ಟಿಗೆ ಹಿಡಿದಿಡುವ, ಲೋಹ ಮತ್ತು ರಬ್ಬರು ಸೇರಿದ ಆಸರೆ. ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ನಿಂತಲ್ಲೇ ಓಡುತ್ತಿರುವಾಗಲೂ ಅದರೊಳಗೆ ಸೆಕೆಂಡಿಗೆ ಸುಮಾರು 27 ಬಾರಿ ಇಂಧನ ಹೊತ್ತಿಕೊಳ್ಳುವುದರಿಂದ, ಆ ನಡುಕ ಕುಳಿತವರ ಬೆನ್ನಿಗೆ ತಲುಪದಂತೆ ನುಂಗಿಕೊಳ್ಳುವುದೇ ಈ ರಬ್ಬರಿನ ಕೆಲಸ. ಹಿಂದಿನ ಎರಡು ಚಕ್ರಗಳು ತಿರುವಿನಲ್ಲಿ ಬೇರೆಬೇರೆ ವೇಗದಲ್ಲಿ ಉರುಳಲು ಅವಕಾಶ ಕೊಡುವ ಡಿಫರೆನ್ಷಿಯಲ್ ಎಂಬ ಗಿಯರ್ ಪೆಟ್ಟಿಗೆಗೂ ಇಂಥವೇ ಬುಷ್‌ಗಳಿವೆ. ಆಕ್ಸಿಲರೇಟರನ್ನು ಜೋರಾಗಿ ತುಳಿದಾಗ ಇಂಜಿನ್ ಒಂದು ಬದಿಗೆ ವಾಲುವುದೂ ಡಿಫರೆನ್ಷಿಯಲ್ ತುಸು ಹೊರಳುವುದೂ ಯಂತ್ರಧರ್ಮವೇ ಆಗಿದ್ದರೂ, ಮಹಾಶಯನು ಅದನ್ನು ತನಗಾದ ಅಪಮಾನವೆಂದು ಬಗೆದು, ರಬ್ಬರನ್ನು ಕೀಳಿಸಿ, ಅದಕ್ಕಿಂತ ಗಡುಸಾದ ಪಾಲಿಯುರೇಥೇನ್ ಬುಷ್‌ಗಳನ್ನು ತರಿಸಿ ಹಾಕಿಸುತ್ತಾನೆ.

ಆಮೇಲೆ ಸಿಗ್ನಲ್ಲಿನಲ್ಲಿ ನಿಂತರೆ ಸ್ಟಿಯರಿಂಗ್ ನಡುಗುತ್ತದೆ, ಹಿಂದಿನ ಲಾರಿ ಕನ್ನಡಿಯಲ್ಲಿ ಎರಡಾಗಿ ಕಾಣುತ್ತದೆ, ಇಷ್ಟು ದಿನ ಅಡಗಿದ್ದ ಡಿಫರೆನ್ಷಿಯಲ್ಲಿನ ಕೊರಗು ಒಳಗೆಲ್ಲ ಕೇಳಿಸುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತ ತಂದೆ "ಕಾರಿಗೆ ಚಳಿಜ್ವರವೇನಪ್ಪಾ?" ಎಂದು ಕೇಳಿದರೆ, ಅದು ನಡುಕವಲ್ಲ, ಫೀಡ್‌ಬ್ಯಾಕ್, ಅಂದರೆ ಯಂತ್ರವು ಚಾಲಕನಿಗೆ ಒಪ್ಪಿಸುವ ವರದಿ ಎಂಬ ಉತ್ತರ ಸಿದ್ಧವಾಗಿರುತ್ತದೆ. (ತಾಯಿ ಮುಂದಿನ ವಾರದಿಂದ ಬಸ್ಸು ಹಿಡಿಯುತ್ತಾರೆ; ಅವರಿಗೆ ವರದಿ ಬೇಕಿಲ್ಲ.)

ಏರ್ಕಾಡಿನ 20 ಹೇರ್‌ಪಿನ್ ತಿರುವುಗಳಲ್ಲಿ ಈ ಬಿಗಿಯ ಫಲ ನಿಜಕ್ಕೂ ಅನುಭವಕ್ಕೆ ಬರುತ್ತದೆಂಬುದನ್ನು ಅಲ್ಲಗಳೆಯಲಾಗದು: ಪೆಡಲ್ ಒತ್ತಿದ ಕೂಡಲೇ ಎಳೆತ ಚಕ್ರಕ್ಕೆ ಮುಟ್ಟುತ್ತದೆ. ಆದರೆ ಮಹಾಶಯನ ನಿತ್ಯದ ಹಾದಿ ಧರ್ಮಪುರಿ ಮತ್ತು ಸೇಲಂ ನಡುವಿನ 44ನೆಯ ರಾಷ್ಟ್ರೀಯ ಹೆದ್ದಾರಿ. ಅಪಘಾತಗಳಿಗೆ ಹೆಸರಾದ ತೊಪ್ಪೂರು ಘಾಟಿಯಲ್ಲಿ ಸಂಕಗಿರಿಯ ಲಾರಿಯೊಂದು ಸರಕು ಹೊತ್ತು, ಕೆಳಗಿನ ಗಿಯರಿನಲ್ಲಿ ತೆವಳುತ್ತಿದ್ದರೆ, ಅದರ ಹಿಂದೆ ಪಾಲಿಯುರೇಥೇನೂ ತೆವಳಲೇಬೇಕು.

ಇಷ್ಟಾಗಿ, ಕಾರು ಈಗ ಚುರುಕಾಯಿತೆಂದು ಟೀ ಅಂಗಡಿಯಲ್ಲಿ ಅವನು ಸಾರುವ ಮಾತಿನಲ್ಲಿ ಹೆಚ್ಚಿನ ಪಾಲು ಹಳೆಯ ಬುಷ್‌ಗಳು ಮೊದಲೇ ಬಿರಿದು ಸಡಿಲಗೊಂಡಿದ್ದರ ಫಲ. ಅವುಗಳ ಜಾಗದಲ್ಲಿ ಕಂಪನಿಯ ಹೊಸ ರಬ್ಬರನ್ನೇ ಹಾಕಿಸಿದ್ದರೂ ಚುರುಕು ಬಹುಪಾಲು ಮರಳುತ್ತಿತ್ತು, ತಾಯಿಯೂ ಕಾರಿನಲ್ಲೇ ಬರುತ್ತಿದ್ದರು.