ರುದ್ರನ ಬಿಲ್ಲು: ಪದ್ಮನಾಭನಗರದ ರೌದ್ರರಸವನ್ನು ಕುರಿತೊಂದು ಕಿರುಮೀಮಾಂಸೆ

ಪೀಠಿಕೆ

ರೌದ್ರರಸಕ್ಕೆ ಕ್ರೋಧವು ಸ್ಥಾಯಿಯೆಂದೂ, ಕೆಂಪು ಅದರ ವರ್ಣವೆಂದೂ, ರುದ್ರನು ಅದರ ಅಧಿದೇವತೆಯೆಂದೂ ಭರತಮುನಿಯು ವಿಧಿಸಿಟ್ಟು ಎಷ್ಟೋ ಶತಮಾನಗಳು ಸಂದುಹೋದುವು. ಅದೇ ರುದ್ರನನ್ನು ವೇದವು ದೇವತೆಗಳಲ್ಲಿ ಮೊದಲನೆಯ ವೈದ್ಯನೆಂದು ಕೊಂಡಾಡಿರುವಾಗ, ಕೋಪಕ್ಕೂ ವೈದ್ಯಕ್ಕೂ ಒಬ್ಬನೇ ಯಜಮಾನನು ಏಕಾದನೆಂಬ ಪ್ರಶ್ನೆಯನ್ನು ನಮ್ಮ ಆಲಂಕಾರಿಕರು ಎತ್ತಿದುದನ್ನು ನಾನು ಕಾಣೆ. ಕಾಶ್ಮೀರದ ಚಳಿಯಲ್ಲಿ ಕುಳಿತು ರಸವಿಚಾರ ಮಾಡಿದ ಆ ಮಹನೀಯರಿಗೆ ಬಿಲ್ಲಿಂಗ್ ಕೌಂಟರಿನ ಎದುರು ಟೋಕನ್ ಹಿಡಿದು ಕುಳಿತುಕೊಳ್ಳುವ ಸುಯೋಗವು ಒದಗದಿದ್ದುದೇ ಇದಕ್ಕೆ ಕಾರಣವಾಗಿರಬೇಕು. ಆ ಸುಯೋಗವು ಬೆಂಗಳೂರಿನ ಪದ್ಮನಾಭನಗರದ ನಿವಾಸಿಯಾದ ಈ ಲೇಖಕನಿಗೆ, ತಾಯಿಯು ಬಚ್ಚಲಮನೆಯಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡ ನಿಮಿತ್ತದಿಂದ ಪ್ರಾಪ್ತವಾದುದರಿಂದ, ಈ ಅಲ್ಪಪ್ರಯತ್ನ.

ಶಾಸ್ತ್ರಗ್ರಂಥಕ್ಕೆ ಅನುಬಂಧ ಚತುಷ್ಟಯವು ಅವಶ್ಯಕವಷ್ಟೆ. ಇಲ್ಲಿ ವಿಷಯವು, ಚಿಕಿತ್ಸೆಯ ಬೆಲೆ ಕಿವಿಗೆ ಬಿದ್ದಾಗ ಹುಟ್ಟುವ ಕೋಪ. ಅಧಿಕಾರಿಯು, ಐಸಿಯುವಿನ ಹೊರಗಣ ಉಕ್ಕಿನ ಕುರ್ಚಿಯಲ್ಲಿ ಒಂದು ರಾತ್ರಿಯನ್ನಾದರೂ ಕಳೆದವನು. ಸಂಬಂಧವು ರಕ್ತಸಂಬಂಧ, ಏಕೆಂದರೆ ಫಾರಮ್ಮಿಗೆ ರುಜು ಹಾಕತಕ್ಕವನು ಅವನೇ. ಪ್ರಯೋಜನವು ಏನೂ ಇಲ್ಲವೆಂದು ಅನುಭವಿಗಳು ಹೇಳುತ್ತಾರೆ.

ಆಲಂಬನ ವಿಭಾವ

ಕೋಪವು ನೆಲೆಗೊಳ್ಳಬೇಕಾದರೆ ಎದುರಿಗೆ ಒಬ್ಬ ವೈರಿಯಿರಬೇಕು. ಭೀಮನಿಗೆ ದುಶ್ಶಾಸನನಿದ್ದನು. ನಮ್ಮ ಕಥಾನಾಯಕನಿಗೆ ಯಾರಿದ್ದಾರೆ? ಕೌಂಟರಿನ ಹುಡುಗಿಯನ್ನು ಕೇಳಿದರೆ, "ನಮ್ಮ ಕೈಲಿ ಏನಿಲ್ಲ ಸರ್, ಸಿಸ್ಟಮ್ಮಲ್ಲೇ ಹಾಗೆ ಬರುತ್ತೆ" ಎನ್ನುತ್ತಾಳೆ. ಡಾಕ್ಟರು ತಮಗೂ ಬಿಲ್ಲಿಗೂ ಸಂಬಂಧವಿಲ್ಲವೆನ್ನುತ್ತಾರೆ. ವಿಮೆಯವರು ನಡುವಣ ಮಧ್ಯವರ್ತಿಯಾದ ಟಿಪಿಎಯನ್ನೂ, ಟಿಪಿಎಯವರು ಆಸ್ಪತ್ರೆಯನ್ನೂ, ಆಸ್ಪತ್ರೆಯವರು ಪುನಃ ಸಿಸ್ಟಮ್ಮನ್ನೂ ತೋರಿಸುತ್ತಾರೆ. ನೇತಿ ನೇತಿಯೆಂದು ಒಂದೊಂದನ್ನೇ ಕಳೆಯುತ್ತ ಹೋದರೆ ಕೊನೆಗೆ ಉಳಿಯತಕ್ಕ ವೈರಿಯು ನಿರ್ಗುಣನೂ ನಿರಾಕಾರನೂ ಸರ್ವವ್ಯಾಪಿಯೂ ಆಗಿರುತ್ತಾನೆ. ಅಂಥವನ ಮೇಲೆ ಗದೆಯನ್ನೆತ್ತುವುದು ಭೀಮನಿಗೂ ಶಕ್ಯವಿರಲಿಲ್ಲ.

ಉದ್ದೀಪನ ವಿಭಾವ

ಹೊತ್ತಿದ ಕೋಪಕ್ಕೆ ತುಪ್ಪವನ್ನೆರೆಯುವ ಸಾಮಗ್ರಿಗೆ ಉದ್ದೀಪನವೆಂದು ಹೆಸರು. ಶೃಂಗಾರಕ್ಕೆ ಬೆಳುದಿಂಗಳು ಹೇಗೋ ರೌದ್ರಕ್ಕೆ ಇಂಟೆರಿಮ್ ಬಿಲ್ಲು ಹಾಗೆ. ನನ್ನ ತಾಯಿಯ ಮೂರು ದಿನಗಳ ಬಿಲ್ಲಿನಲ್ಲಿ ಕೈಗವಸುಗಳು ನಲವತ್ತಾರು ಜೊತೆ ನಮೂದಾಗಿದ್ದುವು. ಆ ಮೂರು ದಿನಗಳಲ್ಲಿ ಆಕೆಯ ಹಾಸಿಗೆಯ ಬಳಿಗೆ ಬಂದ ಕೈಗಳನ್ನು ಬೇರೆ ಕೆಲಸವಿಲ್ಲದೆ ನಾನು ಎಣಿಸಿದ್ದೆನು. ಅವು ಹನ್ನೊಂದು ಜೊತೆ. ಉಳಿದ ಮೂವತ್ತೈದು ಜೊತೆ ಕೈಗಳು ಅಗೋಚರವಾಗಿ ಬಂದು ಸೇವೆ ಸಲ್ಲಿಸಿ ಹೋದುವೆಂದು ಊಹಿಸಬೇಕಾಗಿದೆ. ಇದಲ್ಲದೆ, ಒಂದೇ ವೈದ್ಯನು ಒಂದೇ ಮೇಜಿನ ಮೇಲೆ ಒಂದೇ ಬಗೆಯಾಗಿ ಕೂಡಿಸಿದ ಮೂಳೆಯು ಜನರಲ್ ವಾರ್ಡಿನದಾದರೆ ಅಗ್ಗವಾಗಿಯೂ, ಡೀಲಕ್ಸ್ ಕೊಠಡಿಯದಾದರೆ ತುಟ್ಟಿಯಾಗಿಯೂ ಪರಿಣಮಿಸುವುದೆಂಬ ತತ್ತ್ವವನ್ನು ಅಂದೇ ತಿಳಿದೆನು. ದಿನಕ್ಕೆ 5,000 ರೂಪಾಯಿ ಮೀರಿದ ಕೊಠಡಿಯ ನರಳಾಟವು 2022ರ ಜುಲೈ 18ರಿಂದ ಶೇಕಡ 5ರ ಜಿಎಸ್‌ಟಿಗೂ ಪಾತ್ರವಾಗಿದೆ.

ಪತ್ರ ಪ್ರಕರಣ

ಇಲ್ಲಿ ಪೂರ್ವಪಕ್ಷಿಯು ಹೀಗೆ ಆಕ್ಷೇಪಿಸಬಹುದು: "ಜಯದೇವ, ಕಿದ್ವಾಯಿ, ನಿಮ್ಹಾನ್ಸ್, ಜಯನಗರದ ಸಾರ್ವಜನಿಕ ಆಸ್ಪತ್ರೆ, ಇಷ್ಟೆಲ್ಲವೂ ಆಟೋ ಕೂಗಳತೆಯಲ್ಲಿರುವಾಗ, ವಾರ್ಡಿಗೊಂದು ನಮ್ಮ ಕ್ಲಿನಿಕ್ ಎಂದು ಸರ್ಕಾರವೇ ಸಂಕಲ್ಪಿಸಿರುವಾಗ, ಪದ್ಮನಾಭನಗರದವನಿಗೆ ಕೋಪವು ಬರತಕ್ಕ ಕಾರಣವೇ ಇಲ್ಲ." ಸಮಾಧಾನವನ್ನು ಹೇಳುತ್ತೇವೆ. ಆಸ್ಪತ್ರೆಯ ದೂರವನ್ನು ಮೈಲಿಗಳಿಂದಳೆಯುವುದು ಅಶಾಸ್ತ್ರೀಯ. ಅದನ್ನು ಸರದಿಯ ತಲೆಗಳಿಂದಲೂ ಕಾರ್ಡುಗಳಿಂದಲೂ ಅಳೆಯತಕ್ಕದ್ದು. ದೇವೇಗೌಡ ಪೆಟ್ರೋಲ್ ಬಂಕಿನ ಸಿಗ್ನಲ್ಲಿನಲ್ಲಿ ಕೆಂಪು ದೀಪಕ್ಕೆ ಕಾದು ನಿಂತ ಕಾರಿನವನೂ, ಯಾರಬ್‌ನಗರದಿಂದ ನಡೆದು ಬಂದ ಹಮಾಲಿಯೂ ಒಂದೇ ಆಸ್ಪತ್ರೆಗೆ ಸಮದೂರದಲ್ಲಿದ್ದಾರೆಂದು ಭೂಗೋಳವು ಹೇಳೀತೇ ಹೊರತು ಕೌಂಟರು ಹೇಳದು.

ಆ ಕೌಂಟರಿನ ಗಾಯತ್ರಿಯು ಇದು: "ಬಿಪಿಎಲ್ಲಾ, ಎಪಿಎಲ್ಲಾ?" 2018ರ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯನ್ನೂ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡ 30ನ್ನೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ ಅನುಗ್ರಹಿಸಿತು. ಉಳಿದ ಶೇಕಡ 70ರಷ್ಟು ಕಾಯಿಲೆಯನ್ನು ಎಪಿಎಲ್ಲಿನವನು ಸ್ವಂತ ಖರ್ಚಿನಲ್ಲಿ ವಾಸಿಮಾಡಿಕೊಳ್ಳತಕ್ಕದ್ದು. ಇದಕ್ಕೂ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರವು ಬೇಕು. ಆರಂಭದಲ್ಲಿ ಪಟ್ಟಿಮಾಡಲಾದ 1,650 ಚಿಕಿತ್ಸೆಗಳಲ್ಲಿ ತುರ್ತು ಎಂದು ಪರಿಗಣಿತವಾಗಿ ಪತ್ರದ ಹಂಗಿಲ್ಲದವು 169. ಆದುದರಿಂದ ವಿವೇಕಿಯಾದವನು ಬೀಳುವ ಮುನ್ನವೇ ಈ ಪಟ್ಟಿಯನ್ನು ಕಂಠಪಾಠ ಮಾಡಿಕೊಂಡು, ಆ 169ರ ಒಳಗೆ ಬೀಳುವುದು ಲೇಸು. ನನ್ನ ತಾಯಿಗೆ ಈ ಶಾಸ್ತ್ರಜ್ಞಾನವಿರಲಿಲ್ಲ. ಪರದೆಯ ಮೇಲೆ ಆಕೆಯ ಮೂಳೆಯನ್ನು ಹುಡುಕುತ್ತಿದ್ದಷ್ಟು ಹೊತ್ತೂ ಆಕೆ ಸ್ಟ್ರೆಚರಿನ ಮೇಲೆ ಮಲಗಿ, "ಗ್ಯಾಸು ಆರಿಸಿದೆಯೇನೋ?" ಎಂದು ಕೇಳುತ್ತಿದ್ದಳು. "ಸರ್ವರ್ ಡೌನಿದೆ, ಅಡ್ವಾನ್ಸ್ ಕಟ್ಟಿಬಿಡಿ" ಎಂದು ಅಪ್ಪಣೆಯಾಯಿತು.

ವೇಷಾಂತರ

ಈ ರಸವು ರಂಗದ ಮೇಲೆ ಸಾಂಗವಾಗಿ ಆವಿರ್ಭವಿಸಿದ ಉದಾಹರಣೆಯೊಂದುಂಟು. 2017ರಲ್ಲಿ ಆರೋಗ್ಯ ಸಚಿವರಾಗಿದ್ದ ಕೆ. ಆರ್. ರಮೇಶ್ ಕುಮಾರ್ ಅವರು, 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮಕ್ಕೆ ತಿದ್ದುಪಡಿ ತಂದು, ಚಿಕಿತ್ಸೆಯ ದರವನ್ನು ಸರ್ಕಾರವೇ ಗೊತ್ತುಮಾಡತಕ್ಕದ್ದೆಂದೂ ಮೀರಿ ವಸೂಲು ಮಾಡಿದವರಿಗೆ ಸೆರೆವಾಸವುಂಟೆಂದೂ ಸೂಚಿಸಿದಾಗ, ನವೆಂಬರಿನ ಬೆಳಗಾವಿ ಅಧಿವೇಶನದ ವೇಳೆಗೆ ಕೆಂಪಡರಿದ ಕಣ್ಣು, ಘೋಷಣೆ, ಮೆರವಣಿಗೆ ಮುಂತಾದ ಅನುಭಾವಗಳೆಲ್ಲವೂ ತೋರಿಬಂದುವು. ಆದರೆ ಪಾತ್ರ ಧರಿಸಿದವರು ರೋಗಿಗಳಲ್ಲ, ವೈದ್ಯರು! ಖಾಸಗಿ ಆಸ್ಪತ್ರೆಗಳು ಬಾಗಿಲು ಮುಚ್ಚಿದುವು. ಹೈಕೋರ್ಟು ನಡುವೆ ಬರಬೇಕಾಯಿತು. ದರ ಕಟ್ಟಿದರೆ ತಾವು ಉಳಿಯೆವೆಂಬ ಸಣ್ಣ ನರ್ಸಿಂಗ್ ಹೋಮುಗಳ ಭಯವೂ ಪೊಳ್ಳಲ್ಲ. ಆದರೆ ಸಣ್ಣವರ ಭಯದ ನೆರಳಿನಲ್ಲಿ ದೊಡ್ಡವರು ತಣ್ಣಗೆ ಕುಳಿತರು. ಅಂಗೀಕೃತವಾದ ತಿದ್ದುಪಡಿಯಲ್ಲಿ ಸೆರೆವಾಸವು ಮಾಯವಾಗಿ, ದರನಿಗದಿಯು ಸರ್ಕಾರಿ ಯೋಜನೆಗಳ ರೋಗಿಗಳ ಮಟ್ಟಿಗೆ ನಿಂತಿತು. ಬಾಕಿ ಹಣಕ್ಕಾಗಿ ಶವವನ್ನು ತಡೆಯಕೂಡದೆಂಬ ವಿಧಿಯು ಉಳಿಯಿತು. ಅಂದರೆ, ಬಾಕಿ ತೀರಿಸದೆ ಹೊರಬೀಳುವ ಹಕ್ಕು ಸತ್ತವನಿಗೆ ನಿರಪವಾದವಾಗಿ ಲಭಿಸಿತು.

ಬೆಲೆಗೆ ಕಟ್ಟು ಹಾಕಿದರೆ ಪ್ರಳಯವಾಗುವುದೆಂಬ ವಾದವನ್ನು ಅದೇ ವರ್ಷದ ಫೆಬ್ರವರಿಯಲ್ಲಿ ಒಂದು ಪುಟ್ಟ ತಂತಿಯ ಕೊಳವೆಯು ಖಂಡಿಸಿದ್ದಿತು: ಲಕ್ಷದ ಮೇಲೆ ಮಾರಾಟವಾಗುತ್ತಿದ್ದ ಔಷಧಲೇಪಿತ ಸ್ಟೆಂಟಿಗೆ ಕೇಂದ್ರದ ಬೆಲೆ ಪ್ರಾಧಿಕಾರವು 29,600 ರೂಪಾಯಿಯ ಮಿತಿಯನ್ನು ವಿಧಿಸಿತು. ಅಷ್ಟಕ್ಕೆ ಪ್ರಪಂಚದ ಹೃದಯವು ನಿಂತುಹೋಗಲಿಲ್ಲ.

ರಸವಿಘ್ನ

ಹಾಗಾದರೆ ರೋಗಿಯ ಕೋಪವು ರಸವಾಗುವುದಿಲ್ಲವೇಕೆ? ಅಭಿನವಗುಪ್ತನು ಏಳು ರಸವಿಘ್ನಗಳನ್ನು ಎಣಿಸಿದ್ದಾನೆ. ಎಂಟನೆಯದನ್ನು ವಿನಯದಿಂದ ಸೇರಿಸುತ್ತೇನೆ, ಅದೇ ಡಿಸ್‌ಚಾರ್ಜು. ನನ್ನ ದುಃಖವು ನನ್ನದಷ್ಟೇ ಆಗಿರದೆ ಎಲ್ಲರದಾದಾಗ ರಸವೆಂದು, ಅದಕ್ಕೆ ಸಾಧಾರಣೀಕರಣವೆಂದು ಭಟ್ಟನಾಯಕನು ಹೆಸರಿಟ್ಟನು. ಆಸ್ಪತ್ರೆಯಲ್ಲಾದರೋ ಪ್ರತಿಯೊಬ್ಬನ ಕೋಪಕ್ಕೂ ಯುಎಚ್ಐಡಿ ಎಂಬ ಪ್ರತ್ಯೇಕ ರೋಗಿಸಂಖ್ಯೆಯಿದೆ. ರೋಗಿಯು ಮನೆ ಸೇರುತ್ತಲೇ ಕೋಪವು ಕೃತಜ್ಞತೆಯಾಗಿ ಕರಗುತ್ತದೆ; ಮಂಗಳವಾರದ ರಾಹುಕಾಲಕ್ಕೆ ಬನಶಂಕರಿಯಲ್ಲಿ ನಿಂಬೆಹೋಳಿನ ದೀಪವಾಗಿ ಉರಿದು ಶಾಂತರಸದಲ್ಲಿ ಪರ್ಯವಸಾನ ಹೊಂದುತ್ತದೆ.

ಉಪಸಂಹಾರ

ರುದ್ರಾಧ್ಯಾಯದ ಭಕ್ತನು ಜಾಣ. ಅವನು ಮೊದಲು ರುದ್ರನ ಕೋಪಕ್ಕೆ ನಮಸ್ಕರಿಸುತ್ತಾನೆ, ಆಮೇಲೆ ಬಾಣಕ್ಕೆ, ಬಿಲ್ಲಿಗೆ. ಬಿಲ್ಲಿನ ಹೆದೆಯನ್ನಿಳಿಸೆಂದು ಬೇಡುತ್ತಾನೆ. ದೈವೀ ವೈದ್ಯನ ಕೈಯಲ್ಲಿ ಬಿಲ್ಲೇಕಿದೆಯೆಂಬ ಸಂಶಯವು ನನ್ನ ಬಾಲ್ಯದಿಂದ ಇದ್ದಿತು. ನಾಲ್ಕನೆಯ ದಿನ ಬೆಳಗ್ಗೆ ಕೌಂಟರಿನಲ್ಲಿ ಅದು ನಿವೃತ್ತವಾಯಿತು. ರಾತ್ರಿಯೆಲ್ಲ ಮಸೆದಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ಮರೆತು, "ಮೇಡಂ, ಸ್ವಲ್ಪ ನೋಡಿ" ಎಂದೆನು. ಅವರು ಹೆದೆಯನ್ನು ಕೊಂಚ ಸಡಿಲಿಸಿ, ನಲವತ್ತಾರು ಜೊತೆ ಕೈಗವಸುಗಳಲ್ಲಿ ಆರು ಜೊತೆಯನ್ನು ಹೊಡೆದುಹಾಕಿದರು. ನಾನು ಕೈಮುಗಿದೆನು. ನನ್ನ ಹಿಂದೆ ನಿಂತಿದ್ದವನ ಕೈಯಲ್ಲಿಯೂ ಒಂದು ಬಿಲ್ಲಿದ್ದಿತು. ಅವನ ಮುಖವನ್ನು ನೋಡಲು ನನಗೆ ಪುರಸತ್ತಿರಲಿಲ್ಲ.