ಅಗೋ, ನಮ್ಮ ಮನೆ!

ಬೆಟ್ಟ ಹತ್ತುವುದೇಕೆ ಎಂದು ಹಿಮಾಲಯಕ್ಕೆ ಹೋಗಿ ಬಂದವರನ್ನು ಕೇಳಿದರೆ ಆತ್ಮಶೋಧನೆ, ಮೌನ, ತನ್ನನ್ನು ತಾನು ಗೆಲ್ಲುವುದು ಎಂದು ಘನವಾದ ಮಾತುಗಳನ್ನಾಡುತ್ತಾರೆ. ಹಲಸೂರಿನಿಂದ ಕೆ.ಆರ್. ಪುರದವರೆಗಿನ ನಮ್ಮಂಥವರಿಗೆ ಅಷ್ಟೆಲ್ಲ ದೊಡ್ಡ ಕಾರಣ ಬೇಕಿಲ್ಲ. ನಾವು ಏದುಸಿರು ಬಿಡುತ್ತಾ ಹತ್ತುವುದು ತುದಿಯಲ್ಲಿ ನಿಂತು, ಸೊಂಟದ ಮೇಲೊಂದು ಕೈಯಿಟ್ಟು, ಇನ್ನೊಂದು ಕೈಯ ಬೆರಳು ಚಾಚಿ "ಅಗೋ, ನಮ್ಮ ಮನೆ" ಅನ್ನುವುದಕ್ಕೆ, ಅಷ್ಟೇ. ಈ ವಾದಕ್ಕೆ ಇತಿಹಾಸದ ಬೆಂಬಲವೂ ಇದೆ. ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳಲ್ಲಿ ಒಂದು ಹಲಸೂರು ಕೆರೆಯ ಬಳಿ ಬಂಡೆಯ ಮೇಲೇ ಕೂತಿದೆ. ಊರು ಈ ಗೋಪುರಗಳನ್ನು ದಾಟಿದರೆ ಕೇಡು ಎಂಬ ಪ್ರತೀತಿಯೂ ಇದೆ. ಅದನ್ನು ನಂಬುವುದಾದರೆ ಇಂದಿರಾನಗರವೆಂಬ ಇಡೀ ಬಡಾವಣೆಯೇ ಕೇಡಿನ ಸರಹದ್ದಿನಲ್ಲಿದೆ. ಬಾಡಿಗೆ ನೋಡಿದರೆ ನಂಬಬಹುದು. ಬೆಂಗಳೂರಿನಲ್ಲಿ ಕೂತು ಮೈಸೂರು ಸಂಸ್ಥಾನವನ್ನು ಆಳಿದ ಕಮಿಷನರ್ ಮಾರ್ಕ್ ಕಬ್ಬನ್ನನಿಗೂ ನಂದಿಬೆಟ್ಟದ ಮೇಲೊಂದು ಬಂಗಲೆ ಬೇಕಾಗಿತ್ತು. ವಾರವಿಡೀ ಎದುರು ಮನೆಯ ಸಿಂಟೆಕ್ಸ್ ಟ್ಯಾಂಕಿನಿಂದಾಚೆಗೆ ದೃಷ್ಟಿಯೇ ಹೋಗದ ಕಣ್ಣಿಗೆ ಭಾನುವಾರವಾದರೂ ದೂರ ಅನ್ನುವುದೊಂದು ಬೇಡವೇ?

ಅದಕ್ಕೆ ಕೋಲಾರದ ಅಂತರಗಂಗೆ ಸಾಕೆಂದರೆ ಪರ್ವತಪ್ರಿಯರು ಮೂಗು ಮುರಿಯುತ್ತಾರೆ: ಕೆ.ಆರ್. ಪುರದಲ್ಲಿ ಬಸ್ಸು ಹತ್ತಿ, ತಿಂಡಿಯ ಹೊತ್ತಿಗೆ ಮುಗಿಸಿ ಬರುವುದೂ ಒಂದು ಬೆಟ್ಟವೇ? ಚಿಕ್ಕದು ಸುಲಭ ಎಂದು ತಿಳಿದವರಿಗೆ ಬೆಂಗಳೂರಿನ ಪೂರ್ವದಿಕ್ಕಿನ ಪರಿಚಯವಿಲ್ಲ ಎಂದೇ ಅರ್ಥ. ನಮ್ಮ ಮೆಟ್ರೊ ಬೈಯಪ್ಪನಹಳ್ಳಿ ತಲುಪಿದ್ದು 2011ರಲ್ಲಿ. ಅಲ್ಲಿಂದ ಕೆ.ಆರ್. ಪುರಕ್ಕಿರುವ ಸುಮಾರು ಎರಡು ಕಿಲೋಮೀಟರ್ ಕೂಡಿಕೊಂಡದ್ದು 2023ರ ಅಕ್ಟೋಬರಿನಲ್ಲಿ. ಆ ವೇಗದ ಮುಂದೆ ಅಂತರಗಂಗೆಯ ಮೆಟ್ಟಿಲಲ್ಲಿ ಹತ್ತತ್ತು ಹೆಜ್ಜೆಗೊಮ್ಮೆ ಕೂರುವವನೂ ಓಟಗಾರನೇ. ಎತ್ತರದ ಲೆಕ್ಕ ತೆಗೆದರೆ ಇನ್ನೊಂದು ತಮಾಷೆ. ಬೆಂಗಳೂರೇ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ನಂದಿಬೆಟ್ಟ 1,478. ಅಂದರೆ ಆ ಬೆಟ್ಟದ ಹೆಚ್ಚುಪಾಲನ್ನು ನಾವು ಮಂಚದ ಮೇಲೆ ಮಲಗಿದ್ದಾಗಲೇ ಹತ್ತಿ ಮುಗಿಸಿರುತ್ತೇವೆ. ಇನ್ನು ವಯಸ್ಸು: ಕೋಲಾರದ ಈ ಬಂಡೆಗಳಿಗೆ 250 ಕೋಟಿ ವರ್ಷ ಆಯಿತೆನ್ನುತ್ತಾರೆ ಭೂವಿಜ್ಞಾನಿಗಳು, ಹಿಮಾಲಯ ತಲೆಯೆತ್ತಲು ಶುರುಮಾಡಿ ಐದು ಕೋಟಿ. ಅಜ್ಜನ ಬೆನ್ನು ಬಾಗಿದೆಯೆಂದು ಮೊಮ್ಮಗನ ಪಕ್ಕ ನಿಲ್ಲಿಸಿ ಎತ್ತರ ಅಳೆಯುವುದು ಯಾವ ಮರ್ಯಾದೆ?

ಬಸವನ ಬಾಯಿಂದ ವರ್ಷವಿಡೀ ನೀರು ಬೀಳುವ ಕಾಶಿ ವಿಶ್ವೇಶ್ವರನ ಗುಡಿಯವರೆಗೆ ಮೆಟ್ಟಿಲು, ಅಲ್ಲಿಂದ ಮುಂದೆ ಬಂಡೆ, ಸಂದು, ಕೋತಿ. ಇಷ್ಟು ಸಾಕು, ತುದಿಗೆ ಹೋಗೋಣ. ಯಾವ ಭಾನುವಾರ ಬೇಕಾದರೂ ನೋಡಿ, ಅಲ್ಲೊಂದು ತಂಡ ಇರುತ್ತದೆ, ತಂಡದಲ್ಲೊಬ್ಬ ಮುಂದಾಳು ಇರುತ್ತಾನೆ. ಅವನು ಮೊದಲು ಮಾತಾಡುವುದಿಲ್ಲ; ಮಾತಾಡಲು ಉಸಿರಿಲ್ಲ. ಕೈ ಮಾತ್ರ ನಿಧಾನವಾಗಿ ಮೇಲೇಳುತ್ತದೆ. ಬೆರಳು ಒಂದು ಕ್ಷಣ ಗಾಳಿಯಲ್ಲಿ ತಡಕಾಡಿ, ದೂರದ ಮಂಜಿನಲ್ಲಿ ಬೆಳ್ಳಗೆ ಉದ್ದಕ್ಕೆ ಕಾಣುವುದೊಂದರ ಮೇಲೆ ನಿಲ್ಲುತ್ತದೆ. "ಅದೇ ಮಗಾ, ಎಂ.ಜಿ. ರೋಡಿನ ಯುಟಿಲಿಟಿ ಬಿಲ್ಡಿಂಗು. ಅದರ ಎಡಕ್ಕೆ ಬಾ. ಹಲಸೂರು ಕೆರೆ ಕಾಣ್ತಾ? ಇನ್ನೂ ಸ್ವಲ್ಪ ಎಡಕ್ಕೆ. ಅಲ್ಲೇ ನಮ್ಮನೆ." ಐವತ್ತು ಕಿಲೋಮೀಟರಿಗೂ ಆಚೆಯ ಮನೆ. ತಂಡ ಕಣ್ಣು ಕಿರಿದು ಮಾಡುತ್ತದೆ. ಒಬ್ಬನಿಗೆ ಕಂಡೇಬಿಡುತ್ತದೆ. ಇನ್ನೊಬ್ಬನಿಗೆ ಮಹಡಿಯ ಮೇಲೆ ಒಣಗಿಹಾಕಿದ ಬೆಡ್‌ಶೀಟೂ ಕಾಣುತ್ತದೆ. ಹೆಂಡತಿಗೆ ಏನೂ ಕಾಣದಿದ್ದರೂ ಮನೆ ಎಂದೊಡನೆ ನೆನಪಾಗುತ್ತದೆ: "ಗೀಸರ್ ಆಫ್ ಮಾಡಿದ್ರಾ?" ಮುಂದಾಳು ಆ ದಿಕ್ಕಿಗೆ ಇನ್ನಷ್ಟು ದಿಟ್ಟಿಸುತ್ತಾನೆ, ಗೀಸರಿನ ಕೆಂಪು ದೀಪ ಕಾಣಿಸೀತೇನೋ ಎಂಬಂತೆ. ಆಗ ಪಕ್ಕದ ಬಂಡೆಯ ಮೇಲೆ ಮೇಕೆ ಬಿಟ್ಟುಕೊಂಡು ಕೂತ ಅಜ್ಜ, ಬೀಡಿಯ ಬೂದಿ ಕೊಡವುತ್ತಾ, "ಅದು ಕೋಳಿ ಫಾರಂ ಸಾರ್" ಎನ್ನುತ್ತಾನೆ. ಎಲ್ಲರೂ ಸುಮ್ಮನಾದ ಮೇಲೆ, ಬೆಳಗಿನ ಸೂರ್ಯ ನೇರ ಕಣ್ಣಿಗೇ ಹೊಡೆಯುತ್ತಿರುವುದು ಒಬ್ಬೊಬ್ಬರಿಗೇ ಹೊಳೆಯುತ್ತದೆ. ಬೆಟ್ಟ ಇರುವುದು ಕೋಲಾರ ಪೇಟೆಯ ಪಶ್ಚಿಮಕ್ಕೆ. ಬೆರಳು ತೋರಿಸುತ್ತಿರುವುದು ಪೂರ್ವಕ್ಕೆ, ಕೋಲಾರದ ತಲೆಯ ಮೇಲಿಂದ ಮುಳಬಾಗಿಲಿನ ಕಡೆಗೆ. ಬೆಂಗಳೂರು ಅಷ್ಟು ಹೊತ್ತೂ ಬೆನ್ನ ಹಿಂದೆ ಇದೆ.

ಇಲ್ಲಿಗೆ ವಾದ ಬಿದ್ದುಹೋಯಿತು ಎನ್ನುವವರಿದ್ದಾರೆ. ಮನೆಯೇ ಕಾಣದ ಮೇಲೆ, ದಿಕ್ಕೇ ತಪ್ಪಿದ ಮೇಲೆ, ಮನೆ ನೋಡಲು ಹತ್ತಿದೆವು ಎಂಬುದಕ್ಕೆ ಏನರ್ಥ? ಸ್ವಲ್ಪ ತಾಳಿ. ಅದೇ ಬೆರಳನ್ನು ಒಂದಿಷ್ಟು ಕೆಳಗಿಳಿಸಿದರೆ ಬಯಲಲ್ಲಿ ಕನ್ನಡಿ ಚೂರಿನಂತೆ ಕೆರೆಗಳು ಹೊಳೆಯುತ್ತವೆ. ಸಾವಿರ ಅಡಿ ಕೊರೆದರೂ ಕೊಳವೆಬಾವಿಯಲ್ಲಿ ಬರೀ ಧೂಳು ಬರುತ್ತಿದ್ದ ಜಿಲ್ಲೆಯ ಕೆರೆಗಳಿಗೆ 2018ರ ಜೂನ್‌ನಿಂದ ನೀರು ಬರತೊಡಗಿತು. ಕೆ.ಸಿ. ವ್ಯಾಲಿ ಎಂದು ಎಲ್ಲರೂ ಮೊಟಕುಗೊಳಿಸಿ ಹೇಳುವ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು ಅದು. ಯೋಜನೆಯ ಪ್ರಕಾರ ದಿನಕ್ಕೆ 44 ಕೋಟಿ ಲೀಟರ್, 126 ಕೆರೆಗಳಿಗೆ. ಹಲಸೂರು, ಇಂದಿರಾನಗರಗಳ ಚರಂಡಿ ಹರಿಯುವುದೂ ಆ ಕಣಿವೆಗೇ. ಅಂದರೆ ಮುಂದಾಳು ಬಕೆಟ್ಟುಗಟ್ಟಲೆ ಸುರಿದುಕೊಂಡ ಬಿಸಿನೀರು, ಎರಡು ಹಂತ ಶುದ್ಧವಾಗಿ, ಪೈಪಿನಲ್ಲಿ ಅವನಿಗಿಂತ ಮೊದಲೇ ಈ ಜಿಲ್ಲೆಗೆ ಬಂದಿದೆ. ದಿಕ್ಕು ತಪ್ಪಿರಬಹುದು, ಬೆರಳು ತಪ್ಪಿಲ್ಲ. ಮನೆಯಲ್ಲದಿದ್ದರೂ ಮನೆಯ ಬಚ್ಚಲು ಅಲ್ಲಿದೆ.

ನಗುವಿನ ಮಾತು ಎಂದು ಶುರುಮಾಡಿದ್ದು ಇಲ್ಲಿ ಸ್ವಲ್ಪ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮೂರನೇ ಹಂತದ ಶುದ್ಧೀಕರಣವನ್ನೂ ಮಾಡಿ ಕೊಡಿ ಎಂದು ಕೋಲಾರದವರು ಕೇಳುತ್ತಲೇ ಇದ್ದಾರೆ, ಕೋರ್ಟಿನ ಮೆಟ್ಟಿಲನ್ನೂ ಹತ್ತಿದರು. ಅದು ಅಂತರಗಂಗೆಯದಕ್ಕಿಂತ ಕಡಿದು. ಬೇಡ ಎನ್ನೋಣವೆಂದರೆ ಕೆರೆ ತುಂಬಿ ಅಂತರ್ಜಲ ಏರಿದೆ, ಸತ್ತ ಬೋರುಗಳಲ್ಲಿ ನೀರಾಡಿದೆ. ಕೆರೆಯಿಂದ ನೇರ ಹೊಲಕ್ಕೆ ಹಾಯಿಸಕೂಡದು, ನೆಲಕ್ಕಿಂಗಿದ ಮೇಲೆ ಎತ್ತಿಕೊಳ್ಳಬೇಕೆಂಬುದು ಕಟ್ಟಳೆ. ಹಾಗೆ ಎತ್ತಿದ ನೀರಲ್ಲಿ ಬೆಳೆದ ಟೊಮ್ಯಾಟೊ ಕ್ರೇಟುಗಳು ರಾತ್ರೋರಾತ್ರಿ ಹಳೆ ಮದ್ರಾಸು ರಸ್ತೆ ಹಿಡಿದು ಬೆಂಗಳೂರಿಗೆ ಬರುತ್ತವೆ. ಬೆಟ್ಟ ಇಳಿದು, ಕಾಲು ಕುಂಟುತ್ತಾ ಕೆ.ಆರ್. ಪುರದಲ್ಲಿ ಬಸ್ಸಿಳಿದ ನಮ್ಮ ಮುಂದಾಳು ಮಾರ್ಕೆಟ್ಟಿನ ಗಾಡಿಯ ಮುಂದೆ ನಿಂತು, ಒಂದು ಹಣ್ಣನ್ನೆತ್ತಿ, ಹೆಬ್ಬೆಟ್ಟಿನಿಂದ ಒತ್ತಿ ನೋಡಿ, ಇಷ್ಟು ದೂರದಿಂದ ತರಿಸಿದರೆ ತಾಜಾ ಎಲ್ಲಿರುತ್ತದಮ್ಮಾ, ಐದು ರೂಪಾಯಿ ಕಮ್ಮಿ ಮಾಡಿ ಎಂದು ಚೌಕಾಶಿಗೆ ಇಳಿಯುತ್ತಾನೆ.