ಎಲ್ಲಿ, ಇನ್ನೊಂದ್ಸಲ ಮಾಡು!

ಸಂಗೀತ ಕಲಿಯಲು ಹೋದ ಮಗು ಸರಳೆ ವರಸೆಯಿಂದ ಶುರು ಮಾಡುತ್ತದೆ. ಮ್ಯಾಜಿಕ್ ಕಲಿಯಲು ಬಂದ ಮಗುವಿಗೆ ಮಾತ್ರ ಮೊದಲ ದಿನವೇ ರಾಗ-ತಾನ-ಪಲ್ಲವಿ ಬೇಕು. ನನಗೆ ನಾಲ್ಕಾರು ಕೈಚಳಕ ಗೊತ್ತೆಂದು ಯಾರೋ ಸುದ್ದಿ ಹಬ್ಬಿಸಿದ್ದರಿಂದ ಬೇಸಿಗೆ ರಜೆಯಲ್ಲಿ ಬೀದಿಯ ಹುಡುಗರು ನಮ್ಮ ಮನೆಗೆ ಬರುತ್ತಾರೆ. "ಏನು ಕಲೀತೀಯಪ್ಪ?" ಎಂದರೆ ಬಹುತೇಕ ಒಂದೇ ಉತ್ತರ: "ತಂಗೀನ ಗರಗಸದಲ್ಲಿ ಕುಯ್ಯೋದು." ಮತ್ತೆ ಕೂಡಿಸುವ ವಿಚಾರದಲ್ಲಿ ಅಷ್ಟು ಉತ್ಸಾಹ ಕಾಣುವುದಿಲ್ಲ.

ಈ ಆಟವನ್ನು 1921ರಲ್ಲಿ ಲಂಡನ್ನಿನ ರಂಗದ ಮೇಲೆ ತೋರಿಸಿ ಹೆಸರು ಮಾಡಿದವನು ಪಿ.ಟಿ. ಸೆಲ್ಬಿಟ್. 1956ರಲ್ಲಿ ನಮ್ಮ ಪಿ.ಸಿ. ಸರ್ಕಾರ್ ಬಿಬಿಸಿ ಟೆಲಿವಿಷನ್ನಿನಲ್ಲಿ ಸಹಾಯಕಿಯನ್ನು ಗರಗಸಕ್ಕೆ ಕೊಟ್ಟರು. ಆಕೆ ಎದ್ದು ಕೂರುವ ಮೊದಲೇ ಕಾರ್ಯಕ್ರಮ ಮುಗಿದುಹೋಯಿತು; ಹುಡುಗಿ ಸತ್ತೇಹೋದಳೆಂದು ಗಾಬರಿಯಾದ ವೀಕ್ಷಕರು ಫೋನಿನ ಮೇಲೆ ಫೋನು ಮಾಡಿದರು. ಸರ್ಕಾರರ ಕೀರ್ತಿ ಅದರಿಂದ ಹೆಚ್ಚಿತು. ನಮ್ಮ ಬೀದಿಯಲ್ಲಿ ಹಾಗಾಗದು. ತಂಗಿಯ ಅಮ್ಮ ಫೋನು ಮಾಡುವವರಲ್ಲ, ನೇರ ಬರುವವರು.

ಗರಗಸ ಕೈತಪ್ಪಿದ ಮೇಲೆ ಹುಡುಗರು ಹುಟ್ಟುಹಬ್ಬಕ್ಕೆ ಬಂದ ಮ್ಯಾಜಿಕ್ ಪೆಟ್ಟಿಗೆ ಹೊತ್ತು ತರುತ್ತಾರೆ. ಅದರೊಳಗೆ ಹೆಬ್ಬೆರಳ ತುದಿಗೆ ತೊಡಿಸುವ ಪ್ಲಾಸ್ಟಿಕ್ ಟೋಪಿಯೊಂದು ಇರುತ್ತದೆ. ಅದೇತಕ್ಕೆಂದು ಇಲ್ಲಿ ಹೇಳಿದರೆ ಗುರುಶಾಪ. ಅಳತೆ ದೊಡ್ಡವರದು, ಬಣ್ಣ ಯೂರೋಪಿನವರದು. ಎಂಟು ವರ್ಷದ ಹುಡುಗ ಅದನ್ನು ತೊಟ್ಟರೆ ಕೈಯೆಲ್ಲ ನಮ್ಮೂರಿನದು, ಹೆಬ್ಬೆರಳು ಮಾತ್ರ ಫಾರಿನ್ನಿನದು. ಬಂದವರ ಕಣ್ಣು ಬೇರೆಲ್ಲಿಗೂ ಹೋಗುವುದಿಲ್ಲ.

ಜಾದೂಗಾರರ ಹಳೆಯ ಕಟ್ಟಳೆ ಎರಡು: ಒಂದೇ ಆಟವನ್ನು ಅದೇ ಜನರೆದುರು ಎರಡನೇ ಸಲ ಮಾಡಬೇಡ, ಗುಟ್ಟು ಬಿಡಬೇಡ. ಎರಡೂ ದೊಡ್ಡವರಿಗಾಗಿ ಹುಟ್ಟಿದವು. ಮಗು ಆಟ ಮುಗಿಸಿದ ಕೂಡಲೇ ಮನೆಮಂದಿಯೆಲ್ಲ "ಎಲ್ಲಿ, ಇನ್ನೊಂದ್ಸಲ ಮಾಡು" ಎನ್ನುತ್ತಾರೆ. ಅದು ಮಾಡಿಯೇ ಮಾಡುತ್ತದೆ. ಮಾಡಿ ಮುಗಿಸುವಷ್ಟರಲ್ಲಿ "ಹೇಗೆ ಅಂತ ಹೇಳ್ಲಾ?" ಎಂದು ತಾನೇ ಕೇಳುತ್ತದೆ. ಬೆರಗು ಹುಟ್ಟಿಸುವ ಸುಖಕ್ಕಿಂತ ಗುಟ್ಟು ಹೇಳುವ ಸುಖ ಒಂದು ಕೈ ಹೆಚ್ಚು. ಹೀಗಾಗಿ ನಾನು ಆಟ ಆರಿಸುವ ಸೂತ್ರ ಇಷ್ಟೇ: ಗುಟ್ಟು ಹೊರಬಿದ್ದ ಮೇಲೂ ಮಾನ ಉಳಿಯುವಂಥದ್ದಾಗಿರಬೇಕು.

ರಬ್ಬರ್ ಬ್ಯಾಂಡಿನ ನೆಗೆತ ಇಂಥದ್ದು. ತೋರುಬೆರಳು, ನಡುಬೆರಳಿಗೆ ಹಾಕಿದ ಬ್ಯಾಂಡು ಮುಷ್ಟಿ ಬಿಚ್ಚುವಷ್ಟರಲ್ಲಿ ಉಂಗುರಬೆರಳು, ಕಿರುಬೆರಳಿಗೆ ಹಾರಿರುತ್ತದೆ. ಮುಷ್ಟಿ ಕಟ್ಟುವಾಗ ಬ್ಯಾಂಡನ್ನು ಅಂಗೈ ಕಡೆ ಎಳೆದು ನಾಲ್ಕೂ ಬೆರಳ ತುದಿಯನ್ನು ಅದರೊಳಗೆ ತೂರಿಸಿಟ್ಟರಾಯಿತು, ಮಿಕ್ಕಿದ್ದು ರಬ್ಬರಿನ ಕೆಲಸ. ಖರ್ಚೂ ಇಲ್ಲ, ಹೋಟೆಲಿನ ಸಾಂಬಾರು ಪೊಟ್ಟಣದ ಜೊತೆ ಪುಕ್ಕಟೆ ಬರುತ್ತದೆ. ಗುಟ್ಟು ತಿಳಿದವರೂ ತಮ್ಮ ಬೆರಳಿಗೊಂದು ಹಾಕಿಕೊಂಡು ಕೂರುತ್ತಾರೆ.

ಇಸ್ಪೀಟಿನಲ್ಲಿ 21 ಎಲೆಯ ಆಟ ಒಳ್ಳೆಯದು. ಏಳೇಳು ಎಲೆಯ ಮೂರು ಸಾಲು ಹಾಕಿ, ನೆನೆದ ಎಲೆ ಯಾವ ಸಾಲಿನಲ್ಲಿದೆಯೆಂದು ಕೇಳಿ, ಆ ಸಾಲನ್ನು ನಡುವೆ ಇಟ್ಟು ಎತ್ತಿಕೊಳ್ಳಬೇಕು. ಮೂರು ಸಲ ಹೀಗೆ ಮಾಡಿದರೆ ಆಟೀನ್ ರಾಣಿಯಾಗಲಿ ಕಳಾವರ್ ಗುಲಾಮನಾಗಲಿ 11ನೆಯ ಜಾಗಕ್ಕೆ ಬಂದು ಕೂತಿರುತ್ತದೆ. ಚಿಕ್ಕ ಕೈಗೆ 63 ಮಿಲಿಮೀಟರ್ ಅಗಲದ ಎಲೆಗಿಂತ 57ರದು ಹಿತ. ತೊಂದರೆ ಅಜ್ಜಿಯಿಂದ: "ಮನೇಲಿ ಇಸ್ಪೀಟೇ?" ಇಪ್ಪತ್ತೆಂಟು ಆಡುವ ಅಜ್ಜ ಆಗ ಪೇಪರಿನ ಹಿಂದೆ ಮಾಯವಾಗುತ್ತಾರೆ. ಅದೂ ಮ್ಯಾಜಿಕ್ಕೇ.

ಇಸ್ಪೀಟು ನಿಷಿದ್ಧವಾದ ಮನೆಗೆ ಲೆಕ್ಕವಿದೆ. ಮೂರಂಕಿಯ ಸಂಖ್ಯೆ ತೆಗೆದುಕೊಂಡು ತಿರುಗಿಸಿ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಬಂದದ್ದನ್ನು ಮತ್ತೆ ತಿರುಗಿಸಿ ಕೂಡಿಸಿ. 752ರಲ್ಲಿ 257 ಹೋದರೆ 495. ಅದಕ್ಕೆ 594 ಸೇರಿದರೆ 1089. ಯಾವ ಸಂಖ್ಯೆಯಾದರೂ ಉತ್ತರ 1089. ಮೊದಲೇ ಚೀಟಿಯಲ್ಲಿ ಬರೆದು ಕಾಫಿ ಲೋಟದಡಿ ಇಟ್ಟಿರಬಹುದು. ಎರಡು ತುದಿಯ ಅಂಕೆಗಳ ನಡುವೆ ಮಾತ್ರ ಕನಿಷ್ಠ ಎರಡರ ವ್ಯತ್ಯಾಸ ಇರಬೇಕು. ಈ ಷರತ್ತನ್ನು ಹುಡುಗ ಹೇಳಲು ಮರೆಯುತ್ತಾನೆ, ಚಿಕ್ಕಪ್ಪ ಮುಯ್ಯಿ ಕೊಟ್ಟ ಅಭ್ಯಾಸದಲ್ಲಿ "101" ಎನ್ನುತ್ತಾರೆ. ಕಳೆದರೆ ಸೊನ್ನೆ! ಇನ್ನು "ಇನ್ನೊಂದ್ಸಲ" ಎಂದರೆ ಮತ್ತೆ 1089 ಬಂದು ಗುಟ್ಟು ತಾನಾಗಿ ರಟ್ಟಾಗುತ್ತದೆ. ಆಗಲಿ, ಯಾಕೆ ಹಾಗೆ ಬರುತ್ತದೆಂಬ ದೊಡ್ಡ ಗುಟ್ಟು ಉಳಿದೇ ಇರುತ್ತದೆ.

ಆಟದಷ್ಟೇ ಪ್ರೇಕ್ಷಕರನ್ನೂ ಆರಿಸಬೇಕು. ಕನ್ನಡಕದ ಎಂಜಿನಿಯರುಗಳು, ಮೇಷ್ಟ್ರುಗಳು ಸುಲಭವಾಗಿ ಬೀಳುತ್ತಾರೆ. ನಾಲ್ಕು ವರ್ಷದ ಮಗು ಬೀಳುವುದಿಲ್ಲ. ಬಲಗೈ ನೋಡೆಂದರೆ ದೊಡ್ಡವರು ಮರ್ಯಾದೆಗೆ ನೋಡುತ್ತಾರೆ, ಅದು ಎಡಗೈ ನೋಡುತ್ತದೆ. ದಾರಿ ತಪ್ಪಿಸಲು ಎದುರಿನವರಿಗೊಂದು ದಾರಿ ಇರಬೇಕಲ್ಲ!

ಕೈಗಿಂತ ಬಾಯಿ ಚುರುಕಾದ ಹುಡುಗರಿಗೆ ನಾನು ಕೊಡುವುದು ಕಾಗದದ ಬಳೆಗಳ ಆಟ. ಪೇಪರಿನ ಮೂರು ಉದ್ದ ಪಟ್ಟಿಗಳನ್ನು ತುದಿಗೆ ತುದಿ ಅಂಟಿಸಬೇಕು: ಮೊದಲನೆಯದು ನೇರ, ಎರಡನೆಯದಕ್ಕೆ ಅರ್ಧ ತಿರುವು, ಮೂರನೆಯದಕ್ಕೆ ಪೂರ್ತಿ ತಿರುವು. ಆಮೇಲೆ ಒಂದೊಂದನ್ನೂ ನಡುಮಧ್ಯದಲ್ಲಿ ಉದ್ದಕ್ಕೆ ಕತ್ತರಿಸುತ್ತ ಹೋಗುವುದು. ಬಾಯಿಗೆ ಕತೆಯೂ ಬೇಕಲ್ಲ. ಅಣ್ಣತಮ್ಮಂದಿರ ಆಸ್ತಿ ಪಾಲಿನ ಕತೆ ಕಟ್ಟಿಕೊಟ್ಟೆ.

ನಾಮಕರಣದ ಊಟವಾದ ಮೇಲೆ ಹುಡುಗನೊಬ್ಬ ಇದನ್ನು ತೋರಿಸಿದ. ಮೊದಲ ಮನೆಯ ಆಸ್ತಿ ಕತ್ತರಿಸಿದ. ಎರಡು ಬಿಡಿ ಬಳೆ. "ಇವರು ಪಾಲಾದರು." ಎರಡನೆಯದನ್ನು ಕತ್ತರಿಸಿದ, ಎರಡಾಗುವ ಬದಲು ಇಮ್ಮಡಿ ದೊಡ್ಡ ಒಂದೇ ಬಳೆ. "ಇವರು ಮನಸ್ಸು ಬದಲಾಯಿಸಿ ಒಟ್ಟಿಗೇ ಉಳಿದರು." ಚಪ್ಪಾಳೆ. ಮೂರನೆಯದು ಎರಡಾಯಿತು, ಆದರೆ ಒಂದರೊಳಗೊಂದು ಸಿಕ್ಕಿಕೊಂಡು ನೇತಾಡಿತು. "ಇವರು ಕೋರ್ಟಿಗೆ ಹೋದರು." ಮನೆ ಹಾರಿಹೋಗುವ ಹಾಗೆ ನಗು.

ಊರಿನ ತೋಟದ ಪಾಲಿಗಾಗಿ ತಮ್ಮನ ಮೇಲೆ ದಾವೆ ಹೂಡಿ ವಾಯಿದೆಗೆ ಅಲೆಯುತ್ತಿರುವ ಮಾಮ ಒಬ್ಬರು ಮಾತ್ರ ಎದ್ದು ಹುಡುಗನ ಹತ್ತಿರ ಬಂದು, "ಆ ಮೊದಲನೇದು ಹೇಗೆ ಮಾಡ್ದೆ, ಇನ್ನೊಂದ್ಸಲ ತೋರ್ಸು" ಎಂದರು.

"ಅದರಲ್ಲಿ ಮ್ಯಾಜಿಕ್ಕೇ ಇಲ್ಲ ಮಾಮ," ಎಂದ ಹುಡುಗ. "ತಿರುಚದೆ ಅಂಟಿಸಿದ್ರೆ ಆಯ್ತು."